ಓಟಿನ ಸಾಲು

ಒಂಬತ್ತು ಚುನಾವಣೆಯಲ್ಲೂ ಗಿರಣಿ ಕೆಲಸಗಾರರೊಬ್ಬರನ್ನೇ ಪಾರ್ಲಿಮೆಂಟಿಗೆ ಕಳಿಸಿದ ಆ ಹೊರವಲಯದ ಕ್ಷೇತ್ರವನ್ನು ರೈಲುಹಳಿಯ ಗುಂಟ ಸೀಳಿ, ಆಚೆಯದನ್ನು ಒಂದು ಕ್ಷೇತ್ರಕ್ಕೆ, ಈಚೆಯದನ್ನು ಇನ್ನೊಂದಕ್ಕೆ ಸೇರಿಸಿದರು. ಆಕ್ಷೇಪಣೆ ಹೇಳಲು ಕೊಟ್ಟಿದ್ದು ಒಂದೇ ದಿನ. ಅದೂ ಗಿರಣಿಗೆ ರಜೆಯಿಲ್ಲದ ದಿನ.

ನಲವತ್ತೊಂದು ವರ್ಷ ಹಳಿಯ ಎರಡೂ ಕಡೆಯವರು ಈಚೆಯ ಶಾಲೆಯಲ್ಲೇ ಓಟು ಹಾಕಿದ್ದರು. ಗಿರಣಿಯ ನೂಲು ಸುತ್ತುವ ಖಾತೆಯಲ್ಲಿದ್ದ ಈಚೆಯ ತಂಗಿಗೆ ಹಳಿಯಾಚೆಯ ಅಕ್ಕ ಸಿಗುತ್ತಿದ್ದುದು ಆ ಸಾಲಿನಲ್ಲಿ ಮಾತ್ರ. ಮುಷ್ಕರದಲ್ಲಿ ಭಾವ ಮಾಲೀಕರ ಕಡೆ ಸೇರಿ ಗೇಟು ದಾಟಿದಂದಿನಿಂದ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತ್ತು. ಅಮ್ಮ ತೀರಿಕೊಂಡಾಗಲೂ ಅವನು ಅಕ್ಕನನ್ನು ಕಳಿಸಲಿಲ್ಲ. ಓಟಿಗೆ ಮಾತ್ರ ಬೇಡವೆನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ, ಊರು ನೋಡುತ್ತದಲ್ಲ. ಐದು ವರ್ಷಕ್ಕೊಮ್ಮೆ ಎರಡು ತಾಸು. "ನೀವು ಮುಂದೆ ಹೋಗಿ, ನಮಗೇನವಸರ" ಎಂದು ಹಿಂದಿನವರಿಗೆಲ್ಲ ದಾರಿ ಬಿಟ್ಟು, ಆ ಎರಡನ್ನು ಮೂರು ಮಾಡಿಕೊಳ್ಳುತ್ತಿದ್ದರು. ಎರಡು ವರ್ಷ ತಡವಾಗಿ, ಅಮ್ಮನಿಗಾಗಿ ಇಬ್ಬರೂ ಸೇರಿ ಅತ್ತದ್ದೂ ಅಲ್ಲೇ.

ಈ ಸಲ ಆಚೆಯವರಿಗೆ ಹಳೇ ಗೋದಾಮಿನಲ್ಲಿ ಮತಗಟ್ಟೆ. ತಂಗಿ ಮೇಲ್ಸೇತುವೆ ಹತ್ತಿಳಿದು ಏದುಸಿರು ಬಿಡುತ್ತ ಬಂದಾಗ ಅಕ್ಕ ಬಾಗಿಲಿಂದ ಆರು ಜನರ ಹಿಂದೆ ನಿಂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಏ ಮೊಂಡಿ! ನಿನ್ನ ಶಾಲೆ ಆ ಕಡೆ ಅಲ್ವೇನೇ?"

"ಶಾಲೆ ಆ ಕಡೆ. ನೀನು ಈ ಕಡೆ ಇದೀಯಲ್ಲ. ಮುಂದಿನ ಹಲ್ಲೆಲ್ಲಿ ಹೋಯ್ತೇ?"

"ಅದನ್ನೂ ಬೇರೆ ಕ್ಷೇತ್ರಕ್ಕೆ ಸೇರಿಸಿದ್ರು."

ಇಬ್ಬರೂ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಪಟ್ಟಿ ಹಿಡಿದ ಗುಮಾಸ್ತ ಬಂದ.

"ಅಮ್ಮಾ, ನಿಮ್ಮ ಹೆಸರು ಇದರಲ್ಲಿಲ್ಲ. ಇಲ್ಲಿ ಓಟು ಹಾಕೋಕ್ಕಾಗಲ್ಲ."

"ಹಾಕ್ತೀನಿ ಅಂದೆನೇನಪ್ಪಾ? ಅದನ್ನ ಬೆಳಿಗ್ಗೇನೇ ಆ ಕಡೆ ಹಾಕಿ ಬಂದೆ." ಶಾಯಿ ಹಚ್ಚಿದ ಬೆರಳು ತೋರಿಸಿದಳು.

"ಮತ್ತೆ ಸಾಲಲ್ಲಿ ಯಾಕೆ ನಿಂತಿದೀರಿ?"

"ಸಾಲಲ್ಲಿ ಎಲ್ಲಿ? ನಮ್ಮಕ್ಕನ ಹಿಂದೆ ನಿಂತಿದೀನಿ."

ಯಾರೋ ಕಿಸಕ್ಕೆಂದರು. ಗುಮಾಸ್ತ ಪೊಲೀಸಿನವನನ್ನು ಕರೆದ. ರಸ್ತೆಯಾಚೆ ಭಾವ ಕುಳಿತಲ್ಲಿಂದ ಎದ್ದು ನಿಂತದ್ದು ಇಬ್ಬರಿಗೂ ಕಂಡಿತು.

"ಹೋಗೇ, ನಿನ್ನ ದಮ್ಮಯ್ಯ," ಅಕ್ಕ ಪಿಸುಗುಟ್ಟಿದಳು. ಅಂದಳೇ ಹೊರತು ಹಿಡಿದುಕೊಂಡ ಕೈ ಬಿಡಲಿಲ್ಲ.

"ನಡೀರಮ್ಮ ಆಚೆಗೆ," ಎಂದ ಪೊಲೀಸಿನವನು.

"ನಡೆಯಲ್ಲ."

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಅಕ್ಕನ ಬೆನ್ನಿಗೆ ಇನ್ನಷ್ಟು ಒತ್ತಿಕೊಂಡು ತಂಗಿಯೂ ಸರಿದಳು.