ಗೇಟಿನ ಪಕ್ಕದ ಕಾಳು

"ಮೂಟೆ ಬುಡಮ್ಮಿ!" ಸೋಮಣ್ಣ ಒಂದು ತುದಿ ಹಿಡಿದು ಎಳೆದ. ಶಿವರಂಜಿನಿ ಇನ್ನೊಂದು ತುದಿ ಬಿಡಲಿಲ್ಲ. ಹೆಣ ಹೂಳುವ ಗುಣಿಗೆ ಹಾಕಲು ತಂದಿದ್ದ ಕಲ್ಲುಪ್ಪು ಅಂಗಳಕ್ಕೆ ಚೆಲ್ಲಿತು.

ಗುಣಿ ತೋಡಿದವರು ಆಗಷ್ಟೇ ಏದುಸಿರು ಬಿಡುತ್ತ ಓಡಿಬಂದಿದ್ದರು. ಹೇಗೋ ಕಾಡಂಚಿನ ಬೇಲಿಯಿಂದ ಈಚೆ ಸೇರಿಕೊಂಡ ಒಂಟಿ ಸಲಗವೊಂದು ಸ್ಮಶಾನದ ಪಕ್ಕದ ಲಂಟಾನ ಪೊದೆಯಲ್ಲಿ ನಿಂತಿತ್ತು. ಆನೆ ಕಾಯುವುದರಲ್ಲೇ ತಲೆ ನರೆತಿದ್ದ ಶಿವರಂಜಿನಿಯ ಅಪ್ಪ, ವಾಚರ್ ಚಿಕ್ಕಬಸವಯ್ಯ, ಹೆಣವಾಗಿ ಹಾರ ಹಾಕಿಸಿಕೊಂಡು ಜಗಲಿಯ ಗೋಡೆಗೆ ಒರಗಿ ಕೂತಿದ್ದ. ಹೊತ್ತು ಮುಳುಗುವುದರೊಳಗೆ ಅವನನ್ನು ಮಣ್ಣು ಮಾಡಬೇಕಿತ್ತು.

"ತಮಟೆ ಬಡುದ್ರೆ ಓಡೋಯ್ತದೆ ಕಣಮ್ಮಿ. ನಮ್ ಭಾವ ಏನ್ ದಿಕ್ಕಿಲ್ದೋನಾ, ಸದ್ದಿಲ್ದಂಗೆ ಒತ್ಕಂಡೋಗಕೆ?" ಎಂದ ಸೋಮಣ್ಣ.

"ಓಡೋದು ಎಲ್ಲಿಗೆ ಮಾವ?"

* * *

ಶಿವರಂಜಿನಿ ಚಿಕ್ಕವಳಿದ್ದಾಗ ಅಪ್ಪ ಇದೇ ಜಗಲಿಯ ಮೇಲೆ ದಾರ ಹಾಸಿ ಬೇಲಿ ಮಾಡುತ್ತಿದ್ದ. ಹುಣಸೆಬೀಜ ಆನೆ, ಅವರೆಕಾಳು ಜನ. "ಗೇಟ್ ಮುಚ್ಚೈತೆ. ಜನ ಈ ಕಡೆಯಿಂದ ಕೂಗ್ತಾವ್ರೆ. ಏನಾಯ್ತದೆ ಯೋಳು." ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಿದ್ದ. ಒಮ್ಮೆ ಗೇಟು, ಒಮ್ಮೆ ಗಾಳಿ, ಒಮ್ಮೆ ಜನ.

ಅವಳು ತೋಚಿದ ಕಡೆ ಬೆರಳು ತೋರಿದರೆ ರೇಗುತ್ತಿದ್ದ. "ಆನೆ ಎಲ್ಲಿಗೋಯ್ತದೆ ಅನ್ಬ್ಯಾಡ. ನಾವು ಅದ್ಕೆ ದಾರಿ ಎಲ್ಲಿ ಬುಟ್ಟಿದ್ದೀವಿ ನೋಡು."

ಗೇಟಿನ ಪಕ್ಕ ಒಂದೇ ಒಂದು ಕಾಳು ಬೇರೆಯಾಗಿ ಇರುತ್ತಿತ್ತು.

"ಇದ್ಯಾರಪ್ಪ?"

"ಆನೆ ದಾಟುದ್ ಮ್ಯಾಕೆ ಗೇಟ್ ಮುಚ್ಚೋನು. ಇವ್ನು ಜನದ್ ಜೊತೆ ಇರಕಾಗಕಿಲ್ಲ ಕಣವ್ವ."

* * *

ಶಿವರಂಜಿನಿ ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು ಚೆಲ್ಲಿದ ಉಪ್ಪಿನ ಹರಳುಗಳನ್ನು ಜೋಡಿಸಿದಳು. "ಆನೆ ಹಿಂದೆ ಬೇಲಿ. ಗೇಟ್ ಮುಚ್ಚೈತೆ. ಅದ್ಕೆ ಉಳ್ದಿರೋದು ನಾವು ಬರೋ ದಾರಿ ಒಂದೇ. ತಮಟೆ ಬಡುದ್ರೆ ನೆಟ್ಟಗೆ ನಮ್ ಮ್ಯಾಕೇ ಬತ್ತದೆ. ಗೇಟ್ ತಗುದು ಆಚೆ ಉಪ್ಪು ಸುರುದ್ರೆ ಅದ್ರ ಆಸೆಗೆ ತಾನೇ ದಾಟೋಯ್ತದೆ."

ಗೇಟಿನ ಬೀಗದ ಕೈ ಇನ್ನೂ ಅಪ್ಪನ ಉಡಿದಾರದಲ್ಲಿತ್ತು. ಹೆಣಕ್ಕೆ ಕೈ ಹಾಕುವವರು ಯಾರು? ತಾಯಿ ಮೂಗಮ್ಮ ಎದ್ದಳು. ಗಂಡನ ಸೊಂಟಕ್ಕೆ ಕೈ ಹಾಕಿ ಬೀಗದ ಕೈ ಬಿಡಿಸಿಕೊಂಡಳು.

"ತಮಟೆ ಬ್ಯಾಡ ಕಣ್ ಸೋಮ. ಸದ್ದು ಮಾಡುದ್ರೆ ನಿಮ್ ಭಾವನೇ ಬಯ್ಯೋನು," ಎಂದು ಅದನ್ನು ಮಗಳ ಕೈಗಿಟ್ಟಳು.

"ಉಪ್ಪಿಲ್ದೆ ಮಣ್ ಮಾಡದಾ?" ಸೋಮಣ್ಣ ಗೊಣಗಿದ. ಗೊಣಗುತ್ತಲೇ ಮೂಟೆಯನ್ನು ಹೆಗಲಿಗೇರಿಸಿದ. "ನಡಿಯಮ್ಮಿ, ಸುರುದ್ ಬರನ."

ಮೂಗಮ್ಮ ಅಂಗಳದ ಉಪ್ಪನ್ನು ಬಳಿದು ಸೆರಗಿಗೆ ಗಂಟು ಹಾಕಿಕೊಂಡಳು.

ಸುತ್ತು ಹಾದಿಯಲ್ಲಿ ಹೋಗಿ ಗೇಟು ತೆಗೆದು ಉಪ್ಪು ಸುರಿದ ಮೇಲೆ ಸೋಮಣ್ಣ ಹೆಣಕ್ಕೆ ಹೆಗಲು ಕೊಡಲು ಹಿಂದಿರುಗಿದ. ಶಿವರಂಜಿನಿ ಹುಣಸೆಮರದ ಮರೆಯಲ್ಲಿ ನಿಂತಳು. ಗೋಪಾಲಸ್ವಾಮಿ ಬೆಟ್ಟದ ನೆತ್ತಿಗೆ ಸೂರ್ಯ ಇಳಿದಿದ್ದ. ಲಂಟಾನ ಅಲುಗಿತು. ಸಲಗ ಸೊಂಡಿಲೆತ್ತಿ ಗಾಳಿ ಹಿಡಿದು, ಅವಸರವಿಲ್ಲದೆ ಅವಳ ಮುಂದೆಯೇ ಗೇಟು ದಾಟಿತು. ಶಿವರಂಜಿನಿ ಓಡಿ ಗೇಟು ಎಳೆದು ಮುಚ್ಚಿದಳು. ಬೀಗ ಹಾಕಿದಳು.

ಅವಳು ಕೈ ಬೀಸಿದಳು. ದೂರದಲ್ಲಿ ಜನ ಕಾಣಿಸಿಕೊಂಡರು. ತಮಟೆಯವರು ಚರ್ಮದ ಮೇಲೆ ಅಂಗೈ ಒತ್ತಿ ಹಿಡಿದು ನಡೆಯುತ್ತಿದ್ದರು. ಆನೆ ಮತ್ತೆ ಬೇಲಿಗೆ ತಿರುಗಿದರೆ ಕೂಗಿ ಹೇಳಲು ಒಬ್ಬರು ಇಲ್ಲಿರಲೇಬೇಕು. ಅಪ್ಪನ ಮುಖ ಕೊನೆಯ ಸಲ ನೋಡಲಾಗದಿದ್ದರೂ ಅವಳು ಗೇಟಿನ ಪಕ್ಕದಲ್ಲೇ ನಿಂತಳು.

ಅಲ್ಲಿ ಗುಣಿಯ ಮೇಲೆ ಬಾಗಿ ಅವ್ವ ಸೆರಗಿನ ಗಂಟು ಬಿಚ್ಚುತ್ತಿದ್ದಳು. ಇಲ್ಲಿ, ಬೇಲಿಯಾಚೆ, ಆನೆ ಸೊಂಡಿಲಿನಿಂದ ಅದೇ ಉಪ್ಪನ್ನು ಬಳಿದು ಬಳಿದು ಬಾಯಿಗಿಡುತ್ತಿತ್ತು.