ಮೊದಲಾಳಿ ಹಾಕಿಸಿದ ಸ್ಪ್ರಿಂಗ್

"ಏಳಲೇ ಬೇವರ್ಸಿ! ನಿನ್ ಎದೆಗೆ ಸ್ಪ್ರಿಂಗ್ ಹಾಕ್ಸಿದ್ದು ನೆರಳಲ್ಲಿ ಕೂರಕ್ಕೇನ್ಲಾ?"

ದಿವಾಕರ್ ಕಾಳಿಯಪ್ಪನ್‌ಗೆ ಬೈದದ್ದು ಕನ್ನಡದಲ್ಲಿ. ಪೆರಿಯನಾಯಕನಪಾಳ್ಯಂನ ಆ ಫೌಂಡ್ರಿಯಲ್ಲಿ ಕೆಲಸ, ಜಗಳ, ತಮಾಷೆ ಎಲ್ಲ ತಮಿಳಿನಲ್ಲೇ. ಮೊದಲಾಳಿ ಅನ್ನಿಸಿಕೊಳ್ಳುವ ಯಜಮಾನ ದಿವಾಕರ್‌ಗೂ ಅಚ್ಚಿಗೆ ಕಬ್ಬಿಣ ಹೊಯ್ಯುವ ಕಾಳಿಯಪ್ಪನ್‌ಗೂ ಮನೆಮಾತು ಕನ್ನಡ. ದಿವಾಕರ್ ಅದನ್ನು ಬೈಗುಳಕ್ಕೆ ಮಾತ್ರ ಬಳಸುತ್ತಿದ್ದ. ಶೆಡ್ಡಿನ ನಲವತ್ತು ಜನರಲ್ಲಿ ಅದು ತಾಗುತ್ತಿದ್ದದ್ದು ಒಬ್ಬನಿಗೇ. ಹೆಂಡತಿ ಗೋಮತಿ ಸತ್ತ ಮೇಲೆ ಕಾಳಿಯಪ್ಪನ್ ಜೊತೆ ಕನ್ನಡ ಆಡುವವರು ಬೇರೆ ಯಾರೂ ಉಳಿದಿರಲಿಲ್ಲ.

ಹೋದ ವರ್ಷ ಅವನು ಕುಲುಮೆಯ ಮುಂದೆ ಕುಸಿದಾಗ ದಿವಾಕರ್ ಅವನ ಹೃದಯದ ರಕ್ತನಾಳಕ್ಕೆ ಔಷಧಿ ಲೇಪಿಸಿದ ಸ್ಟೆಂಟ್ ಹಾಕಿಸಿದ್ದ. ಶೆಡ್ಡಿನವರು ಅದನ್ನು ಸ್ಪ್ರಿಂಗ್ ಅಂದರು. ಆಸ್ಪತ್ರೆಯ ಮಂಚದ ಪಕ್ಕ ನಿಂತು ದಿವಾಕರ್ ತೆಗೆಸಿಕೊಂಡ ಫೋಟೊ ಆಫೀಸಿನ ಗೋಡೆಯಲ್ಲಿದೆ. ಎರಕದ ಮಾಲು ಕೊಳ್ಳುವ ಪಂಪ್ ಕಂಪನಿಯವರು ಬಂದಾಗಲೆಲ್ಲ ಕಾಳಿಯಪ್ಪನ್ ಎದೆ ಮುಟ್ಟಿಕೊಂಡು, "ಮೊದಲಾಳಿ ಕೊಟ್ಟ ಜೀವ" ಅನ್ನಬೇಕು.

ಎರಡು ತಿಂಗಳಿಂದ ಎದೆ ಹಿಡಿಯುತ್ತಿತ್ತು. ಹೊಗೆ ಕಟ್ಟಿದೆ ಅಂದುಕೊಂಡ. ಹೊಗೆಗೆ ಬೆಲ್ಲ ಮದ್ದೆಂಬುದು ಫೌಂಡ್ರಿಯವರ ನಂಬಿಕೆ; ಮಾಸ್ಕ್ ಬದಲು ಗೇಟಿನಲ್ಲಿ ದಿನಾ ಒಂದು ಅಚ್ಚು ಬೆಲ್ಲ ಕೊಡುತ್ತಾರೆ. ಸಕ್ಕರೆ ಕಾಯಿಲೆಯ ಕಾಳಿಯಪ್ಪನ್ ಇನ್ನೆರಡು ಕೊಂಡು ದಿನಕ್ಕೆ ಮೂರು ಅಚ್ಚು ತಿಂದ. ಮೊನ್ನೆ ಡಾಕ್ಟರಮ್ಮ ಪರದೆಯಲ್ಲಿ ತೋರಿಸಿದರು: ಸ್ಟೆಂಟಿನ ಒಳಗೇ ಮಾಂಸ ಬೆಳೆದು ದಾರಿ ದಾರದಷ್ಟಾಗಿತ್ತು.

"ಮಾತ್ರೆ ಒಂದೂ ಬಿಟ್ಟಿಲ್ಲಮ್ಮಾ" ಎಂದ ಕಾಳಿಯಪ್ಪನ್ ತಮಿಳಿನಲ್ಲಿ.

"ಸಕ್ಕರೆ ಇರೋರಿಗೆ ಹೀಗಾಗೋದುಂಟು. ಬೆಲ್ಲ ಬೇರೆ ತಿಂದಿದ್ದೀರಿ. ಭಾರ ಎತ್ತಬೇಡಿ. ಈ ವಾರವೇ ಮತ್ತೆ ಅಗಲ ಮಾಡಬೇಕು. ಸಹಿ ಹಾಕೋಕೆ ನಿಮ್ಮವರು ಯಾರನ್ನಾದರೂ ಕರೆದುಕೊಂಡು ಬನ್ನಿ."

ಯಾರನ್ನು ಕರೆಯುವುದೆಂದು ಬಸ್ಸಿನಲ್ಲಿ ಯೋಚಿಸುತ್ತಾ ಬಂದ. ಇಳಿಯುವವರೆಗೂ ಒಂದು ಹೆಸರೂ ಹೊಳೆಯಲಿಲ್ಲ.

ಇವತ್ತು ಬೆಳಿಗ್ಗೆ ದಿವಾಕರ್‌ನನ್ನೇ ಕೇಳಿದ್ದ.

"ಒಂದ್ ವಾರ ರಜೆ ಕೊಡಿ ಮೊದಲಾಳಿ. ಸಹಿಗೆ ಒಬ್ರು ಬೇಕಂತೆ. ನೀವ್ ಬಂದ್ರೆ..."

"ಥೂ! ನಾನೇನ್ ನಿನ್ ಹೆಂಡ್ತಿಯಾ? ಕುಡ್ದು ಕೆಡಿಸ್ಕಂಡಿದೀಯ. ಇವತ್ತು ಚೆನ್ನೈ ಪಾರ್ಟಿ ಬರ್ತದೆ. ಸ್ಪ್ರಿಂಗ್ ಕೆಟ್ಟೋಯ್ತು ಅಂತ ಬಾಯ್ಬಿಟ್ಟೆ, ಗೇಟಿಂದ ಆಚೆ. ಕಬ್ಬಿಣ ಹೊಯ್ದು ತೋರ್ಸು, ಚೆನ್ನಾಗಿದೀನಿ ಅನ್ನು. ಆಮೇಕ್ ಸಾಯಿ."

ಈಗ ಚೆನ್ನೈನವರ ಕಾರು ಒಳಗೆ ಬಂತು. ಕಾಳಿಯಪ್ಪನ್ ಎದ್ದ. ಕರಗಿದ ಕಬ್ಬಿಣ ತುಂಬಿದ ಪಾತ್ರೆ, ಲ್ಯಾಡಲ್‌ನ ಕಂಬಿಯನ್ನು ಮುಂದೆ ಅವನ ಜೋಡಿ ಕರುಪ್ಪುಸಾಮಿ, ಹಿಂದೆ ಅವನು ಎತ್ತಿದರು. ಎತ್ತಿದ ಮೇಲೆ ಹೊಯ್ಯದೆ ಕೆಳಗಿಡುವಂತಿಲ್ಲ. ಆರಿದರೆ ಕಬ್ಬಿಣ ಒಳಗೇ ಹೆಪ್ಪುಗಟ್ಟಿ ಲ್ಯಾಡಲ್ಲೂ ಹಾಳು. ಏಳನೇ ಹೆಜ್ಜೆಗೆ ನೋವು ದವಡೆಗೆ ಏರಿತು. ಎಡಗೈ ಮರಗಟ್ಟಿತು.

"ಇವರೇ ನೋಡಿ" ಎಂದ ದಿವಾಕರ್ ತಮಿಳಿನಲ್ಲಿ, ನಗುತ್ತಾ. "ಹೃದಯಾನೇ ಹೊಸದು ಮಾಡಿಸಿಕೊಟ್ಟಿದೀನಿ. ಅಣ್ಣಾ, ಹೇಗಿದ್ದೀರಿ?"

"ಕರುಪ್ಪಾ, ಇಳಿಸು" ಎಂದ ಕಾಳಿಯಪ್ಪನ್.

"ಅಣ್ಣೇ, ವೇಂಡಾಂ!" ಬೇಡವೆಂದು ಕೂಗಿದ ಕರುಪ್ಪುಸಾಮಿ.

"ಇಳಿಸಪ್ಪಾ."

ಕರುಪ್ಪುಸಾಮಿ ತಿರುಗಿ ಅವನ ಮುಖ ನೋಡಿದ. ಇಬ್ಬರೂ ಮಂಡಿ ಬಗ್ಗಿಸಿ ಲ್ಯಾಡಲನ್ನು ಮರಳಿನ ಮೇಲೆ ಇಟ್ಟರು.

"ಸೂಳೇಮಗನೇ, ಎತ್ತೋ! ಆರೋಗ್ತದೆ!" ದಿವಾಕರ್ ಕನ್ನಡದಲ್ಲಿ ಕಿರುಚಿದ.

ಕಾಳಿಯಪ್ಪನ್ ಚೆನ್ನೈನವರ ಕಡೆ ತಿರುಗಿ ತಮಿಳಿನಲ್ಲಿ ಹೇಳಿದ: "ಸಾರ್, ಸ್ಪ್ರಿಂಗ್ ಮತ್ತೆ ಮುಚ್ಕೊಂಡಿದೆ. ಆಸ್ಪತ್ರೇಲಿ ಒಂದು ಸಹಿ ಬೇಕು. ಇವರು ಬರಲ್ಲ ಅಂದ್ರು. ನಿಮ್ಮಲ್ಲಿ ಯಾರಾದ್ರೂ ಬರ್ತೀರಾ?"

ಒಬ್ಬ ಮೊಬೈಲ್ ನೋಡಿಕೊಂಡ. ಇನ್ನೊಬ್ಬ ಕಾರಿನ ಕಡೆ ನೋಡಿದ. ಕರುಪ್ಪುಸಾಮಿ ದಿವಾಕರ್‌ನ ಮುಖ ಕಂಡು ಎರಡು ಹೆಜ್ಜೆ ಹಿಂದೆ ಸರಿದ.

ಕಾಳಿಯಪ್ಪನ್ ಲ್ಯಾಡಲ್‌ನ ಪಕ್ಕದಲ್ಲೇ ಕೂತ. ಕೆಂಪು ಕಬ್ಬಿಣದ ಮೇಲೆ ಅಂಚಿನಿಂದ ಕಪ್ಪು ಕೆನೆ ಕಟ್ಟತೊಡಗಿತ್ತು. ಯಾರೂ ಹತ್ತಿರ ಬರಲಿಲ್ಲ.