ಕಾಶೀಂಸಾಬನ ಕೊಪ್ಪರಿಗೆ

“ಕೊಪ್ಪರಿಗಿ ತೂತಿತ್ತು ಮಾಮಾ,” ಅಂದುಬಿಟ್ಟ ಗುರುಸಂಗಪ್ಪ. ಫೋನಿನ ಆ ಕಡೆಯಿಂದ ಅಕ್ಕನ ಗಂಡ ಸಂಗನಬಸವನ ಉಸಿರೂ ಕೇಳಿಸಲಿಲ್ಲ. ಅದಕ್ಕೇ ಭಯವಾಗಿ ಇನ್ನೊಂದಿಷ್ಟು ಸೇರಿಸಿದ. “ತಳದಾಗ ತೂತ. ಕೊಟ್ಟಾಂವ ಹೇಳಲಿಲ್ಲ. ನಟ್ಟನಡುವ ನೀರ ತುಂಬಿಬಿಡ್ತು.”

ಫೋನು ಅವನದಲ್ಲ. ಅವನದು ಬೆಳಿಗ್ಗೆಯೇ ಮಲಪ್ರಭೆಯ ಪಾಲಾಗಿತ್ತು. ಇದು ಹೊಳೆ ದಾಟಲು ದೋಣಿಯಾಗಿದ್ದ ಬೆಲ್ಲದ ಕೊಪ್ಪರಿಗೆಯ ಧಣಿ ಕಾಶೀಂಸಾಬನ ಫೋನು. ಮೈಮೇಲಿನ ಅಂಗಿಯೂ ಆ ಧಣಿಯದೇ, ಉಟ್ಟ ಲುಂಗಿ ಅವನದು, ಕೂತ ಕಟ್ಟೆ ಅವನ ಬೆಲ್ಲದ ಗಾಣದ್ದು. ಹೀಗೆ ಅಂಗಾಲಿನಿಂದ ಕಿವಿಯ ತನಕ ಒಬ್ಬರ ಋಣದಲ್ಲಿ ಕೂತು ಅವರ ಮೇಲೇ ಸುಳ್ಳು ಹೇಳಬೇಕಾದರೆ ದೊಡ್ಡ ಎದೆಗಾರಿಕೆ ಬೇಕು ಅಂತೀರೇನು? ಏನೂ ಬೇಕಾಗುವುದಿಲ್ಲ. ಹೆದರಿಕೆಯೊಂದಿದ್ದರೆ ಸಾಕು, ನಾಲಿಗೆ ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಮಾರು ದೂರದಲ್ಲಿ ಕಾಶೀಂಸಾಬನ ಹೆಂಡತಿ ಜಹೀದಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ಒಮ್ಮೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ಗೋಡೆಗೆ ಒರಗಿ, ಜಹೀದಾಳ ಸೀರೆ ಉಟ್ಟು, ಅವಳದೇ ಕೌದಿ ಹೊದ್ದು ಕೂತಿದ್ದ ಅಕ್ಕ ರೇಣುಕವ್ವ ತಮ್ಮನ ಮುಖ ನೋಡಿದಳು. ಕೊಪ್ಪರಿಗೆಯಲ್ಲಿ ಅವಳೂ ಇದ್ದಳು. ತೂತು ಎಲ್ಲಿತ್ತೆಂದು ಅವಳು ಕೇಳಲಿಲ್ಲ. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು, ಅಷ್ಟೆ.

“ಯಾರದು ಕೊಪ್ಪರಿಗಿ?” ಎಂದು ಸಂಗನಬಸವ ಕೇಳಿದ. ಗಾಣದ ಕಾಶೀಂಸಾಬರದು ಎಂದು ಇವನು ಹೇಳಿದ. ಬರುತ್ತೇನೆ ಎಂದವನೇ ಅವನು ಫೋನು ಇಟ್ಟ. ಹೊಳೆಯಲ್ಲಿ ಕೊಚ್ಚಿಹೋದ ತನ್ನ ತಾಯಿ ಸಿಕ್ಕಳೋ ಇಲ್ಲವೋ ಎಂದು ಸಹ ಕೇಳಲಿಲ್ಲ.

ತಾಯಿ ತಿಪ್ಪವ್ವ ಇನ್ನೂ ಸಿಕ್ಕಿರಲಿಲ್ಲ. ಅವಳನ್ನು ಹುಡುಕಲೆಂದೇ ಕಾಶೀಂಸಾಬ ಮತ್ತು ಅವನ ಅಣ್ಣನ ಮಗ ಮೈನುದ್ದೀನ ಅದೇ ಕೊಪ್ಪರಿಗೆ ಹಾಕಿಕೊಂಡು ನೀರಿಗಿಳಿದು ಬಹಳ ಹೊತ್ತಾಗಿತ್ತು. ಫೋನು ನೆನೆದೀತೆಂದು ಮನೆಯಲ್ಲಿಟ್ಟು ಹೋಗಿದ್ದ.

ಗುರುಸಂಗಪ್ಪ ಸೂಡಿಯವನು. ಸೂಡಿಗೂ ಗಜೇಂದ್ರಗಡಕ್ಕೂ ನಡುವೆ ಟಂಟಂ ಗಾಡಿ ಹೊಡೆಯುತ್ತಾನೆ. ಮಳೆಯನ್ನೇ ಕಣ್ಣು ಬಿಟ್ಟು ಕಾಯುವ ಎರೆ ಹೊಲದ ಸೀಮೆಯಲ್ಲಿ ಬೆಳೆದವನು. ಎದೆಯುದ್ದ ನೀರನ್ನು ಹೊಂಡದಲ್ಲಿ ಸಹ ಕಂಡವನಲ್ಲ. ಆದರೆ ಯಾವ ಗಾಡಿ ಕೊಟ್ಟರೂ ಹೊಡೆಯುತ್ತೇನೆ ಎಂಬ ಬಿಂಕ ಮಾತ್ರ ಮೊದಲಿನಿಂದ ಇತ್ತು. ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಅಕ್ಕನ ಊರಾದ ಶಿರೋಳದ ಹೊಲದ ಮನೆಗಳಿಗೆ ಹೊಳೆ ಬಂದಿದೆ ಎಂದು ಸುದ್ದಿ ಬಂದಾಗ ಸಂಗನಬಸವ ಕಡಲೆ ಮಾರಲು ರೋಣದ ಪ್ಯಾಟಿಗೆ ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದ. ಅಕ್ಕ ಫೋನಿನಲ್ಲಿ ಅತ್ತಳು. ಇವನು ಸಿಕ್ಕ ಬೈಕು ಹತ್ತಿ, ನೀರು ನಿಂತ ದಾರಿಯನ್ನೆಲ್ಲ ಸುತ್ತುಹಾಕಿ ಬಂದ. ಬಂದದ್ದು ಖರೇ ಪ್ರೀತಿಯಿಂದಲೇ, ಅದನ್ನು ಯಾರೂ ಇಲ್ಲ ಅನ್ನುವಂತಿಲ್ಲ.

ದಿನ್ನೆಯ ಮೇಲೆ ಕಾಶೀಂಸಾಬನ ಗಾಣ. ಅಲ್ಲಿಂದ ನೋಡಿದರೆ ಕಬ್ಬಿನ ಹೊಲ ಇದ್ದಲ್ಲೆಲ್ಲ ಕೆಂಪು ನೀರು. ಅದರಾಚೆ ಅಕ್ಕನ ಮನೆಯ ಮಾಳಿಗೆ, ಮಾಳಿಗೆಯ ಮೇಲೆ ಕೈ ಬೀಸುವ ಇಬ್ಬರು ಹೆಂಗಸರು. ಬೆಲ್ಲ ಕುದಿಸುವ ಅಗಲದ ಕೊಪ್ಪರಿಗೆಯೊಂದು ದಂಡೆಗೆ ಬಂದು ಕೂತಿತ್ತು. ಹೊಳೆ ಬಂದಾಗಲೆಲ್ಲ ಆ ಭಾಗದ ಜನಕ್ಕೆ ಅದೇ ದೋಣಿ. ಕಾಶೀಂಸಾಬ ನಸುಕಿನಿಂದ ಅದರಲ್ಲಿ ಎಷ್ಟೋ ಮಂದಿಯನ್ನು ದಾಟಿಸಿದ್ದ. ತನ್ನ ಎಮ್ಮೆಗಳನ್ನು ಮೇಲೆ ಕಟ್ಟಿ ಬಂದು ಇವರನ್ನೂ ಕರೆತರುತ್ತೇನೆ, ತುಸು ತಡಿ ತಮ್ಮಾ, ಇದು ಗಾಡಿ ಅಲ್ಲ ಎಂದು ಹೇಳಿಯೇ ಹೋಗಿದ್ದ. ಅವನು ಬೆನ್ನು ತಿರುಗಿಸಿದ್ದೇ ತಡ, ಗುರುಸಂಗಪ್ಪ ಬಿದಿರು ಗಳ ತಗೊಂಡು ಕೊಪ್ಪರಿಗೆಯನ್ನು ನೂಕಿದ.

ಹೋಗುವಾಗ ಎಲ್ಲ ಸಸಾರ. ಮಾಳಿಗೆಯಿಂದ ಇಳಿದು ಕೂತ ತಿಪ್ಪವ್ವ ಎರಡೂ ಕೈಯಲ್ಲಿ ಅಂಚು ಹಿಡಿದು, ಸೂಡಿಯಿಂದ ಬಂದು ನಮ್ಮ ಜೀವ ಉಳಿಸಿದಿ, ಹುಲಿ ಅದೀ ನೋಡು ನೀ ಎಂದಳು. ಆ ಮಾತು ಮುಗಿದು ಸ್ವಲ್ಪ ಹೊತ್ತಿಗೆ, ಹಳ್ಳದ ನೀರು ಬಂದು ಹೊಳೆಯ ನೀರಿಗೆ ಕೂಡುವಲ್ಲಿ, ಕೊಪ್ಪರಿಗೆ ತಿರುಗತೊಡಗಿತು. ಗಳ ನೆಲಕ್ಕೆ ಹತ್ತಲಿಲ್ಲ. ರೇಣುಕವ್ವ ಚೀರಿದಳು. ಪಕ್ಕದಲ್ಲೇ ನೀರಿನೊಳಗಿಂದ ಜಾಲಿಗಿಡವೊಂದು ಎದ್ದಿತ್ತು. ಗುರುಸಂಗಪ್ಪ ಕೊಪ್ಪರಿಗೆಯ ಹಿಡಿಕೆಗೆ ಕಟ್ಟಿದ್ದ ಹಗ್ಗವನ್ನು ಅದಕ್ಕೆ ಸುತ್ತಿ, ಓಡುವ ಹೋರಿಯನ್ನು ಗೂಟಕ್ಕೆ ಕಟ್ಟುವ ಹಾಗೆ ಗಿಡ್ಡಗೆ ಬಿಗಿದು ಗಂಟು ಹಾಕಿದ. ತಿರುಗುವುದು ನಿಂತಿತು. ನಿಂತಿತಲ್ಲ ಎಂದು ಅವನು ನಕ್ಕಿದ್ದೂ ಹೌದು. ಆದರೆ ನೀರೇನು ಹೋರಿಯೇ, ಕಟ್ಟಿದರೆ ನಿಲ್ಲುವುದಕ್ಕೆ? ಸೆಳವು ಕೊಪ್ಪರಿಗೆಯನ್ನು ಮುಂದಕ್ಕೆ ಎಳೆಯಿತು, ಹಗ್ಗ ಹಿಂದಕ್ಕೆ ಎಳೆಯಿತು, ಹಗ್ಗದ ಕಡೆಯ ಅಂಚು ಬಾಗಿ ನೀರು ಒಳಗೆ ನುಗ್ಗಿತು. ಬಿಚ್ಚಬೇಕೆಂದರೆ ನೆನೆದ ಗಂಟು ಬಿಚ್ಚಲಿಲ್ಲ. ಅಕ್ಕ ತಮ್ಮ ಇಬ್ಬರೂ ಜಾಲಿಯ ಮುಳ್ಳನ್ನೇ ತಬ್ಬಿಕೊಂಡರು. ಮುದುಕಿಗೆ ಅಷ್ಟು ಕೈಬಲ ಎಲ್ಲಿಂದ ಬರಬೇಕು?

ಟ್ರ್ಯಾಕ್ಟರ್ ಟ್ಯೂಬು ಎದೆಗೆ ಹಾಕಿಕೊಂಡು ಕಾಶೀಂಸಾಬ ಈಸಿ ಬಂದ. ಇಬ್ಬರನ್ನೂ ಒಬ್ಬೊಬ್ಬರಾಗಿ ದಂಡೆಗೆ ಮುಟ್ಟಿಸಿದ. ಆಮೇಲೆ ಮತ್ತೆ ಹೋಗಿ, ಕುಡುಗೋಲಿನಿಂದ ಹಗ್ಗ ಕೊಯ್ದು ಕೊಪ್ಪರಿಗೆಯನ್ನು ತಂದ. ಗಂಟು ಅವನ ಕಣ್ಣಿಗೆ ಬೀಳದೇ ಇರಲು ಸಾಧ್ಯವೇ ಇರಲಿಲ್ಲ. ಅದರ ಬಗ್ಗೆ ಒಂದಕ್ಷರ ಎತ್ತಲಿಲ್ಲ. ಇವರಿಗೆ ಒಣ ಬಟ್ಟೆ ಕೊಡು ಎಂದು ಹೆಂಡತಿಗೆ ಹೇಳಿ, ಆಗಷ್ಟೇ ನರಗುಂದದಿಂದ ಬಂದ ಮೈನುದ್ದೀನನನ್ನು ಕರೆದುಕೊಂಡು ಹೊರಟುಹೋದ.

ಜಹೀದಾ ತಾಟು ತಂದಿಟ್ಟಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಒಂದಿಷ್ಟು ಎಣ್ಣೆ. ಗುರುಸಂಗಪ್ಪ ತಲೆ ಎತ್ತಲಿಲ್ಲ. ಫೋನಿನಲ್ಲಿ ಹೇಳಿದ್ದನ್ನು ಇವಳು ಕೇಳಿದ್ದಾಳೆ. ಬೈಯಲಿ, ತಾಟು ಕಸಿದುಕೊಳ್ಳಲಿ, ಅಂಗಿ ಬಿಚ್ಚಿ ಇಡು ಅನ್ನಲಿ ಎಂದು ಕಾದ. ಬೈದಿದ್ದರೆ ಅವನಿಗೂ ಎಷ್ಟೋ ಹಗುರಾಗುತ್ತಿತ್ತು.

“ಉಣ್ಣು ತಮ್ಮಾ,” ಎಂದಳು ಜಹೀದಾ. “ಹಸದ ಹೊಟ್ಟೀಲೆ ಏನೇನೋ ಮಾತ ಬರ್ತಾವು.”

ಅಷ್ಟೇ ಹೇಳಿ ಒಲೆಯ ಕಡೆ ಹೋದಳು. ಅವನು ತಾಟು ಮುಂದೆಳೆದುಕೊಂಡ. ರೊಟ್ಟಿ ಮುರಿದ, ಮುರಿದಿದ್ದನ್ನು ಮತ್ತೆ ಮುರಿದ. ಅಕ್ಕನಿಗೆ ಏನಾದರೂ ಅನ್ನು ಎಂದ. ಅವಳು ಗೋಡೆಯ ಕಡೆ ಮುಖ ಮಾಡಿಯೇ ಮಾತಾಡಿದಳು. ಖರೇ ಹೇಳಿದರೆ ಗಂಡ ತನ್ನ ತಮ್ಮನನ್ನು ಕಡಿದು ಹಾಕುತ್ತಾನೆ, ತನಗೆ ಈ ಜನ್ಮದಲ್ಲಿ ತವರು ಮನೆ ಇರುವುದಿಲ್ಲ. ಹೇಳದಿದ್ದರೆ ಈ ಮನೆಯ ತಾಯಿ ಉಡಲು ಕೊಟ್ಟ ಸೀರೆ ಮೈ ಸುಡುತ್ತದೆ, ತಾನೇನು ಮಾಡಲಿ ಎಂದಳು. ಅತ್ತೆಯನ್ನು ನೆನೆದು ಸಪ್ಪಳಿಲ್ಲದೆ ಅತ್ತಳು.

ಗುರುಸಂಗಪ್ಪ ಎದ್ದು ಹೋಗಿ ಮತ್ತೊಮ್ಮೆ ಫೋನು ಕೇಳಿದ. ಜಹೀದಾ ಹಿಟ್ಟಿನ ಕೈ ಸೆರಗಿಗೆ ಒರೆಸಿ ಕೊಟ್ಟಳು. ಈ ಸಲ ಖರೇ ಹೇಳಿಬಿಡಬೇಕೆಂದೇ ಹಚ್ಚಿದ್ದ. ರಿಂಗಾಯಿತು. ಟ್ರ್ಯಾಕ್ಟರಿನ ಗದ್ದಲದ ನಡುವೆ ಸಂಗನಬಸವನ ದನಿ, “ಯಾರು?” ಎಂದಿತು. ಇವನು ಹೆಸರು ಸಹ ಹೇಳದೆ ಫೋನು ಕಟ್ ಮಾಡಿ ತಿರುಗಿ ಕೊಟ್ಟ. ಹತ್ತಲಿಲ್ಲ ಎಂದು ಅವಳಿಗೂ ಒಂದು ಸುಳ್ಳು ಹೇಳಿದ. ಹೋಗಿ ಹೋಗಿ ಅವಳಿಗೆ!

ನೀರು ಇಳಿಮುಖವಾಗಿ ದಾರಿ ಬಿಟ್ಟಿತ್ತು. ಮಧ್ಯಾಹ್ನ ಹೊರಳಿದ ಮೇಲೆ ಟ್ರ್ಯಾಕ್ಟರು ದಿನ್ನೆ ಹತ್ತಿ ಬಂತು. ಸಂಗನಬಸವನ ಜೊತೆ ಐದಾರು ಮಂದಿ ಇದ್ದರು. ದಾರಿಯಲ್ಲಿ ಹತ್ತಿಕೊಂಡವರು, ಸಂಬಂಧಿಕರು, ಸಂಬಂಧವೇ ಇಲ್ಲದವರು. ಒಬ್ಬ ಇಳಿಯುವ ಮೊದಲೇ ಮೊಬೈಲು ಎತ್ತಿ ಹಿಡಿದಿದ್ದ. ತೂತು ಬಿದ್ದ ಕೊಪ್ಪರಿಗೆ ಕೊಟ್ಟು ಮುದುಕಿಯ ಜೀವ ತೆಗೆದವರ ಮನೆ ಇದೇ ನೋಡ್ರಿ ಎಂದು ಅದಕ್ಕೆ ವಿವರಿಸುತ್ತಿದ್ದ. ಮನೆಯವರ ಹೆಸರನ್ನು ಒಂದು ಸಲ ಹೇಳಿದರೆ ಸಾಕಾಗಿತ್ತು. ಅವನು ಮತ್ತೆ ಮತ್ತೆ, ಒತ್ತಿ ಒತ್ತಿ ಹೇಳಿದ. ಆ ಒತ್ತು ಎತ್ತ ಹೋಗುತ್ತದೆಂದು ಗುರುಸಂಗಪ್ಪನಿಗೆ ತಿಳಿಯಿತು. ತಾನು ಹೇಳಿದ ಒಂದು ಮಾತು ಸಂಜೆಯೊಳಗೆ ರೋಣ, ನರಗುಂದ, ಗಜೇಂದ್ರಗಡ ತಿರುಗಿ ಬರುತ್ತದೆ, ಬರುವಾಗ ಒಂದೇ ಬರುವುದಿಲ್ಲ.

ಜಹೀದಾ ಬಾಗಿಲಲ್ಲಿ ನಿಂತು, ನಮ್ಮ ಮನೆಯವರು ಅವ್ವನನ್ನೇ ಹುಡುಕಲು ಹೋಗಿದ್ದಾರೆ, ಕುಂದರ್ರಿ ಎಂದಳು. ಯಾರೂ ಕೂರಲಿಲ್ಲ. ಅಷ್ಟರಲ್ಲಿ ಯಾರೋ ನೀರಿನ ಕಡೆ ಕೈ ತೋರಿಸಿದರು.

ಕೊಪ್ಪರಿಗೆ ಬರುತ್ತಿತ್ತು. ಮೈನುದ್ದೀನ ಗಳ ಹಾಕುತ್ತಿದ್ದ. ಕಾಶೀಂಸಾಬ ಕಾಲು ಮಡಚಿ ಕೂತಿದ್ದ, ಅವನ ತೊಡೆಯ ಮೇಲೆ ತಿಪ್ಪವ್ವನ ತಲೆ ಇತ್ತು. ಮುಖಕ್ಕೆ ತನ್ನ ತಲೆಯ ವಸ್ತ್ರ ಹೊದಿಸಿದ್ದ. ನೋಡಿದ ರೇಣುಕವ್ವ ಕೌದಿ ಅಲ್ಲೇ ಬಿಟ್ಟು ಓಡಿದಳು.

ಸಂಗನಬಸವ ತಾಯಿಯ ಮುಖದ ಬಟ್ಟೆ ಸರಿಸಿ ನೋಡಿದ. ಮತ್ತೆ ಹೊದಿಸಿದ. ಎದ್ದು ನಿಂತವನೇ ಕಾಶೀಂಸಾಬನ ಒದ್ದೆ ಅಂಗಿಯನ್ನು ಎದೆಯ ಹತ್ತಿರ ಮುಷ್ಟಿಯಲ್ಲಿ ಹಿಡಿದ. ಎಂಥಾ ಕೊಪ್ಪರಿಗೆ ಕೊಟ್ಟೆ ನೀನು ಎಂದು ಕೇಳಿದ. ಮೊಬೈಲಿನವನು ಹತ್ತಿರ ಬಂದ. ಗಳ ಎತ್ತಿಕೊಂಡು ಮುಂದೆ ಬರಲಿದ್ದ ಮೈನುದ್ದೀನನನ್ನು ಕಾಶೀಂಸಾಬ ಕೈ ಅಡ್ಡ ಹಿಡಿದು ತಡೆದ. ಅವನು ಗುರುಸಂಗಪ್ಪನ ಕಡೆ ಒಮ್ಮೆ ನೋಡಿದ. ಇವನೇನು ಹೇಳಿರಬಹುದು ಎಂಬುದು ಆ ಒಂದು ನೋಟಕ್ಕೇ ತಿಳಿದುಹೋಗಿರಬೇಕು.

“ಕೊಪ್ಪರಿಗಿ ನಂದ ಅಪ್ಪಾ,” ಎಂದ ಕಾಶೀಂಸಾಬ. “ಅದನ್ನ ದಂಡಿಗೆ ಬಿಟ್ಟು ಹೋದಾಂವ ನಾನ. ಬಿಡಬಾರದಿತ್ತು. ತಪ್ಪಾತು.”

ನೀವೇ ಹೇಳಿ, ಇನ್ನೇನು ಬೇಕಾಗಿತ್ತು ಗುರುಸಂಗಪ್ಪನಿಗೆ? ಹೊರೆ ಇನ್ನೊಬ್ಬ ಎತ್ತಿಕೊಂಡಿದ್ದ, ತಾನೇ ತಲೆ ಬಾಗಿಸಿ. ಸುಮ್ಮನಿದ್ದರೆ ಮುಗಿಯುತ್ತಿತ್ತು. ಸುಮ್ಮನಿರಲು ಅವನು ನೋಡಿದ ಕೂಡ, ಒಂದು ಗಳಿಗೆ. ಆಮೇಲೆ ಮಂದಿಯನ್ನು ಸರಿಸಿ ಮುಂದೆ ಬಂದ.

“ಬಿಡು ಮಾಮಾ ಅವರನ್ನ,” ಎಂದ. “ತೂತಿಲ್ಲ. ನಾ ಸುಳ್ಳ ಹೇಳಿದೆ. ಅವರು ತಡಿ ಅಂದಿದ್ರು, ನಾನ ಹೇಳದ ಕೇಳದ ಒಯ್ದೆ. ತಿರಗಾಕ ಹತ್ತಿತು, ಜಾಲಿಗಿಡಕ್ಕ ಬಿಗದ ಕಟ್ಟಿದೆ. ಅದಕ್ಕ ಮಗಚಿತು.”

“ಯಾಕ ಕಟ್ಟಿದಿ?”

“ನಿಂದರಲಿ ಅಂತ.”

ಸಂಗನಬಸವ ಅವನನ್ನೇ ನೋಡಿದ. ಮುಷ್ಟಿ ಇನ್ನೂ ಕಾಶೀಂಸಾಬನ ಎದೆಯ ಮೇಲೇ ಇತ್ತು. ಅದು ಅಲ್ಲಿದೆ ಎಂಬುದನ್ನೇ ಅವನು ಮರೆತ ಹಾಗಿತ್ತು. ರೇಣುಕವ್ವ ಅತ್ತೆಯ ಕಾಲ ಬಳಿ ಕೂತಲ್ಲಿಂದಲೇ, ಹೌದು, ನಾನೂ ನೋಡೇನಿ ಎಂದಳು. ಮೊಬೈಲಿನವನು ಮೊಬೈಲನ್ನು ಕಿಸೆಗೆ ಹಾಕಿಕೊಂಡ. ಈ ಮಾತನ್ನು ಯಾರಿಗೂ ಕಳಿಸುವ ಉತ್ಸಾಹ ಅವನಿಗಿರಲಿಲ್ಲ.

ಮೊದಲು ಅವ್ವನನ್ನು ಮೇಲೆ ಒಯ್ಯೋಣ ಎಂದು ಕಾಶೀಂಸಾಬನೇ ಹೇಳಿದ. ಆಗ ಮುಷ್ಟಿ ಸಡಿಲಾಯಿತು. ಜಹೀದಾ ಪೆಟ್ಟಿಗೆಯಿಂದ ಹೊಸ ಚಾದರ ತಂದಳು. ಸಂಗನಬಸವ ತಲೆಯ ಕಡೆ, ಕಾಶೀಂಸಾಬ ಕಾಲ ಕಡೆ ಹಿಡಿದರು. ನಡುವಿಗೆ ಕೈ ಹಾಕಲು ಗುರುಸಂಗಪ್ಪ ಬಗ್ಗಿದ.

“ನೀ ಬ್ಯಾಡ,” ಎಂದ ಸಂಗನಬಸವ.

ಮೈನುದ್ದೀನ ಬಂದು ಹಿಡಿದ. ಅವರೆಲ್ಲ ದಿನ್ನೆ ಹತ್ತಿ ಹೋದರು. ಗುರುಸಂಗಪ್ಪ ಕೆಸರಿನಲ್ಲಿ ನಿಂತಲ್ಲೇ ನಿಂತ, ಆಮೇಲೆ ದೂರದಿಂದ ಹಿಂದೆ ಹೋದ. ಗಾಣದ ಪಡಸಾಲೆಯಲ್ಲಿ ಮುದುಕಿಯನ್ನು ಮಲಗಿಸಿದ್ದರು. ಅಕ್ಕ ಅವಳ ಕೂದಲಿಗೆ ಸಿಕ್ಕ ಕಸ ತೆಗೆಯುತ್ತಿದ್ದಳು. ಇವನು ಮೆಟ್ಟಿಲ ಕೆಳಗೇ ಉಳಿದ. ಹೊಡೆದಾನು, ಹೊಡೆಯಲಿ ಎಂದು ಮೈಯೆಲ್ಲ ಕಾಯುತ್ತಿತ್ತು. ಸಂಗನಬಸವ ಹೊಡೆಯಲೂ ಇಲ್ಲ, ಬೈಯಲೂ ಇಲ್ಲ. ಕಂಬಕ್ಕೆ ಒರಗಿ ಕೂತಿದ್ದ.

ಅವನ ಕಿಸೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ತೆಗೆದು ನೋಡಿದ. ಗಜೇಂದ್ರಗಡಕ್ಕೆ ಕೊಟ್ಟ ತಂಗಿ ನಿರ್ಮಲಾ. ತೂತು ಕೊಪ್ಪರಿಗೆಯ ಸುದ್ದಿಯನ್ನು ದಾರಿಯಲ್ಲಿ ಅವನೇ ಅವಳಿಗೆ ಹೇಳಿದ್ದ. ಫೋನು ಎರಡು ಸಲ ಬಡಿದು ನಿಂತು ಮತ್ತೆ ಬಡಿಯಿತು. ಸಂಗನಬಸವ ಕೂತಲ್ಲಿಂದಲೇ ಕೈ ಚಾಚಿ ಅದನ್ನು ಗುರುಸಂಗಪ್ಪನ ಮುಂದೆ ಹಿಡಿದ.

“ತಗೋ. ನೀನ ಹೇಳು.”

ಅವನು ತಗೊಂಡ. ಕಿವಿಗೆ ಹಚ್ಚುವ ಮೊದಲೇ ಆ ಕಡೆಯ ದನಿ ಕೇಳಿಸಿತು, “ಅಣ್ಣಾ, ಅವ್ವ ಸಿಕ್ಕಳಾ?”

“ನಾನ್ರೀ, ಗುರುಸಂಗಪ್ಪ,” ಎಂದ. ಮೆಟ್ಟಿಲ ಮೇಲೆ ಕೂತ. ಜಹೀದಾ ಒಳಗೆ ಹೋದಳು. ಕಾಶೀಂಸಾಬ ಅಂಗಳದ ತುದಿಗೆ ಹೋಗಿ, ಆ ಕಡೆ ಮುಖ ಮಾಡಿ ನಿಂತು, ತನ್ನ ಅಂಗಿಯ ಅಂಚನ್ನು ಹಿಂಡತೊಡಗಿದ. ಹಿಂಡಿದಷ್ಟೂ ಕೆಂಪು ನೀರು ಬರುತ್ತಿತ್ತು.